ತೋಟದ ದಾರಿಗೆ ಎಂಥ ಜೀಪು?

ಮಲೆನಾಡಿನಲ್ಲಿ ಅಡಿಕೆ, ಕಾಫಿ, ಮೆಣಸು ಬೆಳೆಯುವ ರೈತರಿಗೆ ಜೀಪು ಭೋಗದ ವಸ್ತುವಲ್ಲ. ಗುದ್ದಲಿ, ಸಿಂಪರಣಾ ಯಂತ್ರಗಳಂತೆ ಅದೂ ಬೇಸಾಯದ ಒಂದು ಉಪಕರಣವೇ. ಗೊಬ್ಬರ, ಸುಣ್ಣ, ಮೈಲುತುತ್ತ, ಕೂಲಿಯಾಳುಗಳು, ಹಸಿ ಅಡಿಕೆ, ಕಾಫಿ ಹಣ್ಣು ಎಲ್ಲವೂ ಅದರಲ್ಲೇ ಸಾಗಬೇಕು. ಮನೆಯಲ್ಲಿರುವ ಹಳೆಯ ಸರಳ ಜೀಪನ್ನು ರಿಪೇರಿ ಮಾಡಿಸಿ ಉಳಿಸಿಕೊಳ್ಳುವುದು ಲೇಸೋ, ಕಂಪ್ಯೂಟರು ಅಳವಡಿಸಿದ ಹೊಸ ವಾಹನ ಕೊಳ್ಳುವುದು ಲೇಸೋ ಎಂಬ ಪ್ರಶ್ನೆಯನ್ನು ಕ್ಷೇತ್ರೋತ್ಸವಗಳಲ್ಲಿ ಅನೇಕರು ನನ್ನನ್ನು ಕೇಳಿದ್ದಾರೆ. ಬೇಸಾಯಶಾಸ್ತ್ರದವನಿಗೆ ಮೋಟಾರಿನ ಗೊಡವೆ ಏಕೆಂದು ಕೆಲವರಿಗೆ ಅನಿಸಬಹುದು. ಬೇಸಾಯದಲ್ಲಿ ಎಷ್ಟು ಹಾಕಬೇಕು ಎಂಬುದರಷ್ಟೇ ಎಂದು ಹಾಕಬೇಕು ಎಂಬುದೂ ಮುಖ್ಯ. ಆ ದಿನ ವಾಹನ ಕೈಕೊಟ್ಟರೆ ನಷ್ಟ ಬೆಳೆಗೆ.

ಕೆಲವು ವರ್ಷಗಳ ಹಿಂದೆ ಜೂನ್ ಮೊದಲ ವಾರದಲ್ಲಿ ಕೊಪ್ಪ ತಾಲ್ಲೂಕಿನ ಒಂದು ಅಡಿಕೆ ತೋಟಕ್ಕೆ ಹೋಗಿದ್ದೆ. ಕೊಳೆ ರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣದ ಮೊದಲ ಸಿಂಪರಣೆಯನ್ನು ಮುಂಗಾರು ಹಿಡಿಯುವ ಮೊದಲೇ ಮುಗಿಸಬೇಕು. ಕೊನೆಗಾರರು ಆ ದಿನಕ್ಕೆ ಒಪ್ಪಿದ್ದರು. ಮೈಲುತುತ್ತ, ಸುಣ್ಣ, ಪಂಪು ಎಲ್ಲವನ್ನೂ ಹೇರಿದ್ದ ಯಜಮಾನರ ಹೊಸ ಡೀಸೆಲ್ ವಾಹನ ತೋಟಕ್ಕೆ ಎರಡು ಕಿ.ಮೀ. ಇರುವಾಗ ಏರಿನಲ್ಲಿ ಉಸಿರು ಕಟ್ಟಿದಂತಾಯಿತು. ಮುಂದೆ ಒಂದು ಹಳದಿ ದೀಪ ಹತ್ತಿತು. ಎಷ್ಟು ಒತ್ತಿದರೂ ಎಂಜಿನ್ ವೇಗ ಪಡೆಯಲಿಲ್ಲ, ಕೊನೆಗೆ ನಿಂತೇಹೋಯಿತು. ಊರಿನ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ ನೋಡಿ, ಹಾಗೆಯೇ ಮುಚ್ಚಿ, ‘ಇದಕ್ಕೆ ಲ್ಯಾಪ್‌ಟಾಪ್ ಬೇಕು ಸ್ವಾಮಿ, ಸ್ಪ್ಯಾನರಿಗೆ ಬಗ್ಗುವುದಲ್ಲ’ ಎಂದ. ಕಂಪನಿಯ ವರ್ಕ್‌ಶಾಪ್ ಇದ್ದುದು ಶಿವಮೊಗ್ಗದಲ್ಲಿ. ಅಲ್ಲಿಂದ ಎಳೆಯುವ ಗಾಡಿ ಬಂದದ್ದು ಮೂರನೆಯ ದಿನ. ಅಷ್ಟರಲ್ಲಿ ಕೊನೆಗಾರರು ಬೇರೆಯವರ ತೋಟಕ್ಕೆ ಹೋಗಿದ್ದರು, ಮಳೆಯೂ ಹಿಡಿದಿತ್ತು. ಆ ವರ್ಷ ತಗ್ಗಿನ ಸಾಲುಗಳಲ್ಲಿ ಕೊಳೆ ಚೆನ್ನಾಗಿಯೇ ಬಿತ್ತು.

ಆದ ದೋಷ ದೊಡ್ಡದೇನಲ್ಲ. ಕ್ಯಾನಿನಲ್ಲಿ ತಂದು ಇಟ್ಟಿದ್ದ ಡೀಸೆಲಿನಲ್ಲಿ ನೀರು ಸೇರಿತ್ತು. ಅದೇ ಡೀಸೆಲನ್ನು ಹಳೆಯ ಜೀಪಿಗೆ ಹಾಕಿದ್ದರೂ ಅದು ನಿಲ್ಲುತ್ತಿತ್ತು. ಆದರೆ ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸಿ, ಕೈಪಂಪು ಒತ್ತಿ ಗಾಳಿ ತೆಗೆದರೆ ಅರ್ಧ ಗಂಟೆಯಲ್ಲಿ ಮತ್ತೆ ಹೊರಡಬಹುದಿತ್ತು. ಹಳೆಯ ಜೀಪು ಕೆಡುವುದಿಲ್ಲ ಎಂಬ ಮಾತು ಸುಳ್ಳು. ಅದು ಹೆಚ್ಚಾಗಿಯೇ ಕೆಡುತ್ತದೆ, ಆದರೆ ಕೆಟ್ಟಲ್ಲೇ ರಿಪೇರಿಯಾಗುತ್ತದೆ. ಹೊಸದು ಅಪರೂಪಕ್ಕೆ ಕೆಡುತ್ತದೆ, ಕೆಟ್ಟರೆ ಪಟ್ಟಣಕ್ಕೆ ಹೋಗಬೇಕು.

ಸರಳ ಜೀಪಿನ ಗುಣ, ಅವಗುಣ

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧಕ್ಕಾಗಿ. ಅಮೆರಿಕದ ಸೈನ್ಯಕ್ಕೆ 1941ರಿಂದ ವಿಲ್ಲೀಸ್ ಕಂಪನಿ, ಅದರ ಜೊತೆಗೆ ಫೋರ್ಡ್ ಕಂಪನಿ ಒಂದೇ ವಿನ್ಯಾಸದ ಜೀಪುಗಳನ್ನು ಆರು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿದವು. 2.2 ಲೀಟರಿನ ಪೆಟ್ರೋಲ್ ಎಂಜಿನ್, 60 ಅಶ್ವಶಕ್ತಿ, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಕೇವಲ 80 ಅಂಗುಲ ಅಂತರ. ಯುದ್ಧಭೂಮಿಯಲ್ಲಿ ಸಾಮಾನ್ಯ ಸಿಪಾಯಿಯೇ ಬಿಚ್ಚಿ ಜೋಡಿಸುವಂತಿರಬೇಕು ಎಂಬುದು ಅದರ ಉದ್ದೇಶ. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆ 1947ರಲ್ಲಿ ಮುಂಬಯಿಯಲ್ಲಿ ಇವುಗಳ ಜೋಡಣೆ ಆರಂಭಿಸಿತು. ಮುಂದೆ ಡೀಸೆಲ್ ಎಂಜಿನ್ನುಗಳು ಬಂದವು. 1980ರ ದಶಕದ ಎಂ.ಎಂ. 540 ಜೀಪಿನ 2112 ಸಿ.ಸಿ. ಎಂಜಿನ್ ಫ್ರಾನ್ಸಿನ ಪ್ಯೂಜೋ ವಿನ್ಯಾಸದ್ದು. ಮಲೆನಾಡಿನ ಹಲವು ತೋಟಗಳಲ್ಲಿ ಇಂದಿಗೂ ಅದರ ಸದ್ದು ಕೇಳಬಹುದು.

ಈ ಡೀಸೆಲ್ ಜೀಪುಗಳಲ್ಲಿ ಎಂಜಿನ್ ಒಮ್ಮೆ ಶುರುವಾದರೆ ನಡೆಯಲು ವಿದ್ಯುತ್ತು ಹೆಚ್ಚೇನೂ ಬೇಡ. ಪಂಪು ಎಂಜಿನ್ನಿನ ಹಲ್ಲಿನ ಚಕ್ರದಿಂದಲೇ ತಿರುಗುತ್ತದೆ, ಇಂಜೆಕ್ಟರ್ ಸುಮಾರು 100ರಿಂದ 200 ಕೆ.ಜಿ. ಒತ್ತಡಕ್ಕೆ ತಾನಾಗಿ ತೆರೆದುಕೊಳ್ಳುತ್ತದೆ. ಬ್ಯಾಟರಿ ಸೋತಿದ್ದರೆ ಇಳಿಜಾರಿನಲ್ಲಿ ದೂಡಿ ಎಬ್ಬಿಸಬಹುದು. ಕಮಾನು ಪ್ಲೇಟು ಮುರಿದರೆ ಹೋಬಳಿ ಮಟ್ಟದ ಗ್ಯಾರೇಜಿನಲ್ಲಿಯೇ ಸಿಗುತ್ತದೆ. ಇಷ್ಟೆಲ್ಲ ಸರಿ. ಆದರೆ ಹಳೆಯ ಜೀಪಿನ ಅಭಿಮಾನಿಗಳು ಹೇಳದೆ ಬಿಡುವ ಮಾತೂ ಇದೆ. ಅದರ ಡ್ರಮ್ ಬ್ರೇಕಿಗೆ ನೀರು, ಕೆಸರು ಸೇರಿದರೆ ಸ್ವಲ್ಪ ದೂರ ಬ್ರೇಕು ಇಲ್ಲವೆಂದೇ ತಿಳಿಯಬೇಕು. ಹೆಚ್ಚಿನವುಗಳಲ್ಲಿ ಹಿಂದೆ ಕುಳಿತವರಿಗೆ ಬೆಲ್ಟೂ ಇಲ್ಲ, ಮಗುಚಿದರೆ ತಲೆ ಕಾಯುವ ಭದ್ರವಾದ ಚೌಕಟ್ಟೂ ಇಲ್ಲ. ಹತ್ತು ಹನ್ನೆರಡು ಜನ ಆಳುಗಳನ್ನು ನೇತುಹಾಕಿಕೊಂಡು ಘಟ್ಟ ಇಳಿಯುವ ಜೀಪುಗಳನ್ನು ಕಂಡಾಗ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಖಾಸಗಿ ವಾಹನದ ನೋಂದಣಿ 15 ವರ್ಷ ತುಂಬಿದ ಮೇಲೆ ಪರೀಕ್ಷೆಗೆ ಒಪ್ಪಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕೆಂಬುದನ್ನೂ ಮರೆಯುವಂತಿಲ್ಲ. ವಿಮೆಯಿಲ್ಲದ, ನೋಂದಣಿ ಮುಗಿದ ಜೀಪಿನಲ್ಲಿ ಆಳುಗಳನ್ನು ಸಾಗಿಸುವುದು ಅತ್ಯಂತ ದುಬಾರಿಯಾದ ಉಳಿತಾಯ.

ಹೊಸ ವಾಹನದೊಳಗೆ ಏನಿದೆ?

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಹಂತ 6ರ ಹೊಗೆ ನಿಯಮಗಳು ಜಾರಿಗೆ ಬಂದವು. ಇದನ್ನು ಪಾಲಿಸಲು ಡೀಸೆಲ್ ಎಂಜಿನ್ನಿನ ಒಳರಚನೆಯೇ ಬದಲಾಗಬೇಕಾಯಿತು. ಈಗಿನ ‘ಕಾಮನ್ ರೈಲ್’ ಪದ್ಧತಿಯಲ್ಲಿ ಡೀಸೆಲಿನ ಒತ್ತಡ ಪ್ರತಿ ಚದರ ಸೆಂ.ಮೀ.ಗೆ 1,600 ಕೆ.ಜಿ. ಅಥವಾ ಅದಕ್ಕೂ ಹೆಚ್ಚು. ನಾವು ಅಡಿಕೆಗೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರಿನಲ್ಲಿ 20ರಿಂದ 30 ಕೆ.ಜಿ. ಇರುತ್ತದೆಂಬುದನ್ನು ನೆನೆದರೆ ಇದರ ಅಗಾಧತೆ ತಿಳಿದೀತು. ಇಂಜೆಕ್ಟರಿನ ರಂಧ್ರ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸು. ಇಷ್ಟು ನವುರಾಗಿ ಸಿಂಪಡಿಸುವುದರಿಂದಲೇ ಹೊಗೆ ಕಡಿಮೆ, ಎಳೆತ ಹೆಚ್ಚು, ಸದ್ದು ಕಡಿಮೆ. ಇದರಿಂದಾಗಿಯೇ ಒಂದು ಹನಿ ನೀರು, ಚಿಟಿಕೆ ಮಣ್ಣು ಕೂಡ ಅದಕ್ಕೆ ವಿಷ. ಯಾವ ಸಿಲಿಂಡರಿಗೆ ಯಾವ ಕ್ಷಣದಲ್ಲಿ ಎಷ್ಟು ಡೀಸೆಲ್ ಎಂಬುದನ್ನು ಕಂಪ್ಯೂಟರು ನಿರ್ಧರಿಸುತ್ತದೆ. ಅನುಮಾನ ಬಂದರೆ ಎಂಜಿನ್ ಹಾಳಾಗದಂತೆ ಶಕ್ತಿಯನ್ನು ತಾನೇ ಇಳಿಸುತ್ತದೆ. ಏರಿನಲ್ಲಿ ಉಸಿರು ಕಟ್ಟಿದಂತಾಗುವುದು ಇದರಿಂದಲೇ.

ತೋಟದವರು ವಿಶೇಷವಾಗಿ ತಿಳಿಯಬೇಕಾದ ಭಾಗ ಸೈಲೆನ್ಸರಿನ ಸಾಲಿನಲ್ಲಿರುವ ಮಸಿ ಶೋಧಕ, ಅಂದರೆ ಡಿ.ಪಿ.ಎಫ್. ಇದು ಹೊಗೆಯಲ್ಲಿನ ಮಸಿಯನ್ನು ಜರಡಿಯಂತೆ ಹಿಡಿದಿಡುತ್ತದೆ. ಮಸಿ ತುಂಬಿದ ಮೇಲೆ ಅದನ್ನು ಅಲ್ಲಿಯೇ ಸುಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಈ ಕೆಲಸ ಸುಲಭವಾಗಿ ಮುಗಿಯುತ್ತದೆ. ಆದರೆ ತೋಟದ ಓಡಾಟ ಹೇಗಿರುತ್ತದೆ? ಮನೆಯಿಂದ ಕಣಕ್ಕೆ ಒಂದು ಕಿ.ಮೀ., ಕಣದಿಂದ ಪಂಪ್‌ಹೌಸಿಗೆ ಮತ್ತೊಂದು, ಅದೂ ಮೊದಲನೆಯ ಎರಡನೆಯ ಗೇರಿನಲ್ಲಿ. ಎಂಜಿನ್ ಕಾಯುವ ಮೊದಲೇ ನಿಲ್ಲಿಸುತ್ತೇವೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಶೋಧಕ ಕಟ್ಟಿಕೊಳ್ಳುತ್ತದೆ. ಕೆಲವರು ಇದನ್ನು ಕಂಪನಿಯ ಮೋಸವೆಂದು ಬೈಯುತ್ತಾರೆ. ವಾಹನ ಕೆಟ್ಟದ್ದಲ್ಲ, ಅದಕ್ಕೆ ಕೊಟ್ಟ ಕೆಲಸ ಅದರದ್ದಲ್ಲ. ಮಸಿ ಸುಡುವ ದೀಪ ಹತ್ತಿದಾಗ ವಾಹನವನ್ನು ಅರ್ಧಕ್ಕೆ ನಿಲ್ಲಿಸದೆ, ಕಂಪನಿಯ ಕೈಪಿಡಿಯಲ್ಲಿ ಹೇಳಿದಂತೆ ಟಾರು ರಸ್ತೆಯಲ್ಲಿ ಓಡಿಸಬೇಕು. ಆ ಸಮಯದಲ್ಲಿ ಒಣಹುಲ್ಲು, ತರಗೆಲೆಯ ಮೇಲೆ ಎಂದಿಗೂ ನಿಲ್ಲಿಸಬಾರದು, ಬೆಂಕಿ ಹೊತ್ತುವ ಅಪಾಯವಿದೆ.

ಕೆಲವು ಡೀಸೆಲ್ ವಾಹನಗಳಿಗೆ ಯೂರಿಯಾ ದ್ರಾವಣವನ್ನೂ ಪ್ರತ್ಯೇಕ ಟ್ಯಾಂಕಿಗೆ ತುಂಬಬೇಕು. ಹೊಗೆಯಲ್ಲಿನ ಸಾರಜನಕದ ಆಕ್ಸೈಡುಗಳನ್ನು ಇದು ನಿರಪಾಯಕಾರಿ ಸಾರಜನಕವಾಗಿ ಬದಲಿಸುತ್ತದೆ. ಶೇ. 32.5ರ ಯೂರಿಯಾ ನೀರು ತಾನೇ, ಗೊಬ್ಬರದ ಚೀಲದಿಂದ ನಾವೇ ಕಲಸಬಹುದಲ್ಲ ಎಂದು ಒಬ್ಬರು ಕೇಳಿದ್ದರು. ಇದಕ್ಕೆ ಉತ್ತರ ನನ್ನ ಶಾಸ್ತ್ರದಲ್ಲಿಯೇ ಇದೆ. 2015ರಿಂದ ನಮ್ಮ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪನ ಕಡ್ಡಾಯ. ಗೊಬ್ಬರದಲ್ಲಿ ಬೈಯೂರೆಟ್ ಶೇ. 1.5ರವರೆಗೆ ಇರಬಹುದು, ವಾಹನದ ದ್ರಾವಣದಲ್ಲಿ ಶೇ. 0.3 ಮೀರಬಾರದು. ಎಣ್ಣೆ, ಕಲ್ಮಶ ಸೇರಿದರೆ ದುಬಾರಿ ಯಂತ್ರಭಾಗ ಕಟ್ಟಿಹೋಗುತ್ತದೆ. ಸಹಾಯಧನದ ಯೂರಿಯಾವನ್ನು ಬೇಸಾಯವಲ್ಲದೆ ಬೇರೆ ಕೆಲಸಕ್ಕೆ ಬಳಸುವುದು ಅಪರಾಧವೂ ಹೌದು.

ಇನ್ನು ಹೊಸದರ ಒಳ್ಳೆಯ ಗುಣಗಳು. ಕೆಸರಿನಲ್ಲಿ ಒಂದು ಗಾಲಿ ಸುಮ್ಮನೆ ಸುತ್ತುತ್ತ, ಗಟ್ಟಿ ನೆಲದ ಮೇಲಿನ ಗಾಲಿ ಅಲ್ಲಾಡದೆ ನಿಲ್ಲುವುದನ್ನು ಎಲ್ಲರೂ ಕಂಡಿದ್ದೀರಿ. ಆ್ಯಕ್ಸಲಿನ ನಡುವಿನ ಡಿಫರೆನ್ಷಿಯಲ್ ಸಡಿಲ ಗಾಲಿಯ ಕಡೆಗೇ ಸುತ್ತನ್ನು ಬಿಡುವುದು ಇದಕ್ಕೆ ಕಾರಣ. ಹೊಸ ವಾಹನಗಳಲ್ಲಿ ಸುತ್ತುವ ಗಾಲಿಗೆ ಮಾತ್ರ ಬ್ರೇಕು ಬಿದ್ದು ಎಳೆತ ಇನ್ನೊಂದು ಗಾಲಿಗೆ ಹೋಗುತ್ತದೆ. ಹಳೆಯ ಜೀಪಿಗೆ ಹಲಗೆ, ಕಲ್ಲು ಹುಡುಕಬೇಕಾದ ಕಡೆ ಇದು ತಾನಾಗಿ ಎದ್ದುಬರುತ್ತದೆ. ಒದ್ದೆ ಟಾರಿನ ಮೇಲೆ ಜೋರಾಗಿ ಬ್ರೇಕು ಒತ್ತಿದರೂ ಸ್ಟಿಯರಿಂಗು ಹಿಡಿತ ತಪ್ಪುವುದಿಲ್ಲ. ಅಪಘಾತವಾದರೆ ಗಾಳಿಚೀಲ ಪ್ರಾಣ ಉಳಿಸಬಹುದು. 2020ರಲ್ಲಿ ಹೊಸ ರೂಪದಲ್ಲಿ ಬಂದ ಥಾರ್ 650 ಮಿ.ಮೀ. ಆಳದ ನೀರಿನಲ್ಲಿ ಹಾಯಬಲ್ಲದೆಂದು ತಯಾರಕರೇ ಹೇಳಿದ್ದಾರೆ. ಮಕ್ಕಳನ್ನು ಶಾಲೆಗೆ, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವ ಮನೆಗೆ ನಾನು ಹಳೆಯ ಜೀಪನ್ನು ಶಿಫಾರಸು ಮಾಡಲಾರೆ.

ಆಯ್ಕೆ ಹೇಗೆ?

ಮೊದಲು ನಿಮ್ಮ ಮನೆಯಿಂದ ಆ ಕಂಪನಿಯ ವರ್ಕ್‌ಶಾಪಿಗೆ ಎಷ್ಟು ದೂರವೆಂದು ನೋಡಿ. ಒಂದು ಗಂಟೆಯ ದಾರಿಯಾದರೆ ಹೊಸದರ ಬಗ್ಗೆ ಭಯಬೇಡ. ಅರ್ಧ ದಿನದ ದಾರಿಯಾದರೆ ಎರಡು ಬಾರಿ ಯೋಚಿಸಿ. ಎರಡನೆಯದಾಗಿ, ವಾರದಲ್ಲಿ ಎಷ್ಟು ಸಲ ದೂರದ ಪಟ್ಟಣಕ್ಕೆ ಹೋಗುತ್ತೀರಿ? ವಾಹನ ತೋಟದ ಬೇಲಿ ದಾಟುವುದೇ ಅಪರೂಪವಾದರೆ ಹೊಸ ಡೀಸೆಲ್ ನಿಮಗೆ ಹೊಂದುವುದಿಲ್ಲ. ಇಂಥವರು ಹೊಸದನ್ನೇ ಕೊಳ್ಳುವುದಾದರೆ ಪೆಟ್ರೋಲಿನದನ್ನು ವಿಚಾರಿಸಲಿ, ಡೀಸೆಲಿನಂತೆ ಮಸಿ ಕಟ್ಟುವ ತೊಂದರೆ ಅದಕ್ಕಿಲ್ಲ. ನನ್ನ ಅಭಿಪ್ರಾಯದಲ್ಲಿ ಹತ್ತಾರು ಎಕರೆ ತೋಟವಿರುವ, ಸುಸ್ಥಿತಿಯ ಹಳೆಯ ಜೀಪು ಮನೆಯಲ್ಲೇ ಇರುವ ರೈತರು ಅದನ್ನು ತೋಟದ ಸರಕಿಗೆ ಉಳಿಸಿಕೊಂಡು, ಜನರ ಓಡಾಟಕ್ಕೆ ಬೇರೆ ಸಣ್ಣ ವಾಹನ ಇಟ್ಟುಕೊಳ್ಳುವುದು ಹೆಚ್ಚು ಲಾಭದಾಯಕ. ಒಂದೇ ವಾಹನ ಸಾಕುವ ಶಕ್ತಿಯಿರುವವರಿಗೆ ಸುರಕ್ಷತೆಯೇ ಮೊದಲು.

50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೂ 2023ರ ಜನವರಿಯಿಂದ ಕಟ್ಟುನಿಟ್ಟಾದ ಹೊಗೆ ನಿಯಮ ಬಂದಿರುವುದರಿಂದ ಅವುಗಳಲ್ಲೂ ಇಂಥದೇ ಎಂಜಿನ್ನುಗಳು ಬರುತ್ತಿವೆ. ಬಯಲುಸೀಮೆಯ ರೈತರಿಗೂ ಈ ವಿಚಾರ ಸಂಬಂಧಿಸಿದ್ದೇ.

ಮಳೆಗಾಲಕ್ಕೆ ಮುನ್ನ

ವಾಹನ ಯಾವುದೇ ಇರಲಿ, ಡೀಸೆಲನ್ನು ಬಂಕಿನಲ್ಲೇ ನೇರವಾಗಿ ಟ್ಯಾಂಕಿಗೆ ಹಾಕಿಸುವುದು ಉತ್ತಮ. ಅನಿವಾರ್ಯವಾಗಿ ಕ್ಯಾನಿನಲ್ಲಿ ತಂದರೆ ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ಮೇಲಿನದನ್ನು ಮಾತ್ರ ಸೋಸಿ ಹಾಕಿ, ತಳದ ಒಂದೆರಡು ಲೀಟರು ಬಿಡಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಫಿಲ್ಟರಿನ ನೀರು ಇಳಿಸಬೇಕು. ಹೊಸ ವಾಹನ ಕೊಳ್ಳುವಾಗಲೇ ಇದನ್ನು ಮಾಡುವ ಕ್ರಮವನ್ನು ಷೋರೂಮಿನವರಿಂದ ಕೇಳಿ ಕಲಿಯಿರಿ. ಫೋರ್ ವೀಲ್ ಗೇರನ್ನು ಕೆಸರು, ಜಲ್ಲಿ ದಾರಿಯಲ್ಲಿ ಮಾತ್ರ ಹಾಕಿ, ಒಣ ಟಾರು ರಸ್ತೆ ಬಂದೊಡನೆ ತೆಗೆಯಬೇಕು. ಇಲ್ಲವಾದರೆ ಮುಂದಿನ ಹಿಂದಿನ ಆ್ಯಕ್ಸಲುಗಳ ನಡುವೆ ತಿರುಚು ಬಿದ್ದು ಗೇರ್ ಪೆಟ್ಟಿಗೆ ಸವೆಯುತ್ತದೆ. ಹಳ್ಳದ ನೀರು ಎಂಜಿನ್ನಿಗೆ ಗಾಳಿ ಎಳೆಯುವ ಬಾಯಿಯವರೆಗೆ ಬರುವಂತಿದ್ದರೆ ಹಳೆಯದೂ ಬೇಡ, ಹೊಸದೂ ಬೇಡ, ನೀರು ಇಳಿಯುವವರೆಗೆ ಕಾಯಿರಿ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬಾರದು.

ಹೊಸ ವಾಹನಕ್ಕೆ ಕೊಕ್ಕೆ, ಕ್ಯಾರಿಯರ್ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯ ತಂತಿ ಕಳಚಬೇಕು, ಇಲ್ಲದಿದ್ದರೆ ಕಂಪ್ಯೂಟರು ಸುಟ್ಟೀತು. ಅಡಿಕೆ, ಭತ್ತದ ಚೀಲ ತುಂಬಿದ ಕೊಟ್ಟಿಗೆಯಲ್ಲಿ ವಾಹನ ನಿಲ್ಲಿಸುವವರು ಇಲಿಗಳ ಮೇಲೂ ಕಣ್ಣಿಡಬೇಕು. ಹಳೆಯ ಜೀಪಿನ ತಂತಿ ಕಡಿದರೆ ಹಾರನ್ನೋ ದೀಪವೋ ಹೋಗುತ್ತದೆ, ಹೊಸದರಲ್ಲಿ ಒಂದು ಸಣ್ಣ ತಂತಿ ಹೋದರೂ ಎಂಜಿನ್ ಏಳದಿರಬಹುದು. ಬಾನೆಟ್ ಎತ್ತಿಟ್ಟರೆ ಇಲಿ ಬೆಚ್ಚಗೆ ಗೂಡು ಕಟ್ಟುವುದು ಕಡಿಮೆ. ಕೊಟ್ಟಿಗೆಯ ಮೂಲೆಗಳಲ್ಲಿ ಬೋನು ಇಟ್ಟು, ಚೀಲಗಳ ರಾಶಿಯಿಂದ ನಾಲ್ಕಾರು ಅಡಿ ದೂರದಲ್ಲಿ ವಾಹನ ನಿಲ್ಲಿಸುವುದು ಒಳ್ಳೆಯದು.