ಉದ್ಯಾನದಲ್ಲಿ ಹಳೆಯ ಮೋಟಾರುಗಳ ಪಂದ್ಯ

ಶಿರಸಿಯಿಂದ ದೇವಿಮನೆ ಘಟ್ಟವನ್ನೋ, ಯಲ್ಲಾಪುರದಿಂದ ಅರಬೈಲು ಘಟ್ಟವನ್ನೋ, ಸಿದ್ದಾಪುರದಿಂದ ದೊಡ್ಮನೆ ಘಟ್ಟವನ್ನೋ ಇಳಿದು ಕರಾವಳಿಗೆ ಹೋಗಿಬರುವ ನಮ್ಮ ಸೀಮೆಯವರಿಗೆ, ಒಂದು ಪಕ್ಕದಲ್ಲಿ ದರೆ, ಇನ್ನೊಂದು ಪಕ್ಕದಲ್ಲಿ ಕಣಿವೆ, ತಿರುವಿನಾಚೆ ಏನಿದೆಯೆಂಬುದು ತಿರುಗಿದ ಮೇಲೆಯೇ ಗೋಚರವಾಗುವ ರಸ್ತೆಯೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಅಂಥ ರಸ್ತೆಯೊಂದು ನಗರಮಧ್ಯದ ಉದ್ಯಾನದೊಳಗೇ ಇದ್ದು, ಅದರ ಮೇಲೆ ಅಜ್ಜಂದಿರ ಕಾಲದ ಮೋಟಾರುಗಳು ಒಂದನ್ನೊಂದು ಹಿಂದಿಕ್ಕಲು ಹವಣಿಸುತ್ತಿರುವುದನ್ನು ಭಾವಿಸಿಕೊಂಡರೆ, ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ 1983ರಲ್ಲಿ ಆರಂಭವಾದ ‘ವಿಂಟೇಜ್ ಗ್ರಾನ್ ಪ್ರೀ’ ಎಂಬ ವಾರ್ಷಿಕ ಪಂದ್ಯದ ಸ್ಥೂಲ ಚಿತ್ರ ದೊರೆತೀತು.

ಪಂದ್ಯದ ಕ್ಷೇತ್ರ ಶೆನ್ಲಿ ಪಾರ್ಕು. ಉಕ್ಕಿನ ಕುಲುಮೆಗಳ ಹೊಗೆಗೆ ಹೆಸರಾಗಿದ್ದ ಆ ನಗರಕ್ಕೆ ಮೇರಿ ಶೆನ್ಲಿ ಎಂಬ ಶ್ರೀಮಂತ ಮಹಿಳೆ 1889ರಲ್ಲಿ ದಾನವಾಗಿತ್ತ 300 ಎಕರೆ ಭೂಮಿಯೇ ಅದರ ಮೂಲ. ಹೆನ್ರಿ ಫಿಪ್ಸ್ ಎಂಬ ಉದ್ಯಮಿ 1893ರಲ್ಲಿ ಕಟ್ಟಿಸಿಕೊಟ್ಟ ಗಾಜಿನ ಸಸ್ಯಾಗಾರ ಇಂದಿಗೂ ಅಲ್ಲಿ ಶೋಭಿಸುತ್ತಿದೆ. ಪಂದ್ಯಕ್ಕೆಂದು ಪ್ರತ್ಯೇಕ ಪಥವಿಲ್ಲ. ನಾಗರಿಕರು ನಿತ್ಯವೂ ಸಂಚರಿಸುವ ರಸ್ತೆಗಳನ್ನೇ ಬೇಸಗೆಯ ಒಂದು ವಾರಾಂತ್ಯಕ್ಕೆ ಮುಚ್ಚಿ, ಸುಮಾರು ಮೂರೂಮುಕ್ಕಾಲು ಕಿಲೋಮೀಟರು ಉದ್ದದ, ಇಪ್ಪತ್ತಕ್ಕೂ ಮೇಲ್ಪಟ್ಟ ತಿರುವುಗಳ ವರ್ತುಲವನ್ನು ಸಿದ್ಧಪಡಿಸುತ್ತಾರೆ. ಕಲ್ಲಿನ ಗೋಡೆಗಳೂ ಕಂಬಗಳೂ ಅಂಚುಗಲ್ಲುಗಳೂ ಇದ್ದಲ್ಲಿಯೇ ಇರುತ್ತವೆ. ಅವುಗಳ ಮುಂದೆ ಹುಲ್ಲುಹೊರೆಗಳನ್ನು ಒಡ್ಡುವುದು ರೂಢಿ.

ಇದು ಸಾಹಸವೋ ಅವಿವೇಕವೋ ಎಂಬ ಸಂದೇಹಕ್ಕೆ ಅವಕಾಶವುಂಟು. ಏಕೆಂದರೆ ಆ ದೇಶದಲ್ಲಿಯೇ, ವಾಟ್ಕಿನ್ಸ್ ಗ್ಲೆನ್ ಎಂಬ ಊರಿನ ಬೀದಿಗಳಲ್ಲಿ 1948ರಿಂದ ನಡೆಯುತ್ತಿದ್ದ ಪಂದ್ಯದಲ್ಲಿ 1952ರಲ್ಲಿ ನೋಡಲು ನಿಂತಿದ್ದ ಬಾಲಕನೊಬ್ಬ ಮೃತನಾದ ತರುವಾಯ, ಪಂದ್ಯವನ್ನು ಊರ ಬೀದಿಗಳಿಂದ ಹೊರಗೊಯ್ಯಬೇಕಾಯಿತು. ಪಿಟ್ಸ್‌ಬರ್ಗಿನವರು ಬೀದಿಯ ಪಂದ್ಯವನ್ನು ಮರಳಿ ತಂದುದು ಹಳೆಯ ವಾಹನಗಳಿಗೆಂದೇ. ಎಂ.ಜಿ., ಆಲ್ಫಾ ರೋಮಿಯೊ, ಆಸ್ಟಿನ್ ಹೀಲಿ ಮೊದಲಾದ ಇಲ್ಲಿಯ ಸ್ಪರ್ಧಾಳುಗಳು ಬಹುತೇಕ ಒಡೆಯನ ಪ್ರಾಣದಷ್ಟೇ ಪ್ರಿಯವಾದ ಸೊತ್ತುಗಳಾದುದರಿಂದ, ಚಾಲಕನ ಕೈ ತಾನಾಗಿಯೇ ಸಂಯಮವನ್ನು ಕಲಿಯುತ್ತದೆ. ಪಕ್ಕದ ಬಂಡಿಗೆ ತಾಗಿಸಿ ಮುನ್ನುಗ್ಗುವುದು ಈ ಬಗೆಯ ಪಂದ್ಯಗಳಲ್ಲಿ ಶೌರ್ಯವೆನಿಸದೆ ಅಪರಾಧವೆನಿಸುತ್ತದೆ.

ವ್ಯವಸ್ಥೆಯ ಭಾರವನ್ನು ಹೊರುವವರು ಸ್ವಯಂಸೇವಕರು. ಜನರು ಉದ್ಯಾನದ ಇಳಿಜಾರಿನಲ್ಲಿ ಹಾಸಿದ ಚಾದರದ ಮೇಲೆ ಕುಳಿತು, ಬುತ್ತಿ ಬಿಚ್ಚಿ ಪಂದ್ಯವನ್ನು ನೋಡುತ್ತಾರೆ. ಸಂಗ್ರಹವಾದ ಹಣ ಆಟಿಸಂ ಉಳ್ಳವರ ಮತ್ತು ಬೌದ್ಧಿಕ ವೈಕಲ್ಯವುಳ್ಳವರ ಸೇವೆಯಲ್ಲಿ ತೊಡಗಿರುವ ಸಂಸ್ಥೆಗಳಿಗೆ ಸಲ್ಲುತ್ತದೆ. ಊರಿನ ರಸ್ತೆಯನ್ನು ವಿನೋದಕ್ಕೆಂದು ಎರವಲು ಪಡೆದವರು ಊರಿಗೆ ಹೀಗೆ ಋಣ ಸಲ್ಲಿಸುವುದು ಉಚಿತವೇ ಸರಿ.

ನಮ್ಮ ದೇಶದಲ್ಲಿ ಹಳೆಯ ಮೋಟಾರುಗಳ ಗೌರವ ಬೇರೆ ರೀತಿಯದು. ‘ದಿ ಸ್ಟೇಟ್ಸ್‌ಮನ್’ ಪತ್ರಿಕೆ 1964ರಲ್ಲಿ ದೆಹಲಿಯಲ್ಲಿ ಆರಂಭಿಸಿದ ರ‍್ಯಾಲಿಯಲ್ಲಿ ವೇಗಕ್ಕಿಂತ ವಾಹನದ ಸುಸ್ಥಿತಿಗೂ ಮೂಲರೂಪದ ರಕ್ಷಣೆಗೂ ಮನ್ನಣೆ. ನಮ್ಮ ನಾಡಿನ ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಕಲೆಹಾಕಿರುವ ಪುರಾತನ ಕಾರುಗಳನ್ನು ಸಂಗ್ರಹಾಲಯದಲ್ಲಿ ಕಣ್ತುಂಬ ನೋಡಬಹುದು. ಎರಡೂ ಶ್ಲಾಘ್ಯ. ಆದರೂ ನಿಲ್ಲಿಸಿಟ್ಟ ಯಂತ್ರಕ್ಕೂ ಓಡುವ ಯಂತ್ರಕ್ಕೂ ಒಂದು ಅಂತರವಿದೆ: ಮೊದಲನೆಯದರ ರಕ್ಷಣೆಗೆ ಧೂಳೊರೆಸುವ ಬಟ್ಟೆ ಬಹುಮಟ್ಟಿಗೆ ಸಾಕು, ಎರಡನೆಯದಕ್ಕೆ, ಕಾರ್ಬ್ಯುರೇಟರಿನ ಉಸಿರಾಟವನ್ನು ಕಿವಿಯಿಂದಲೇ ಅರಿಯುವ, ಯಾವ ಅಂಗಡಿಯಲ್ಲಿಯೂ ಸಿಗದ ಬಿಡಿಭಾಗವನ್ನು ಲೇತ್ ಯಂತ್ರದ ಮೇಲೆ ಕಡೆದು ಕೂಡಿಸುವ ಮೆಕ್ಯಾನಿಕನೇ ಬೇಕು. ವರ್ಷಕ್ಕೊಮ್ಮೆ ತೇರನ್ನೆಳೆಯಲೇಬೇಕೆಂಬ ಕಟ್ಟಳೆಯಿರುವುದರಿಂದಲೇ ಅದರ ಗಾಲಿ, ಅಚ್ಚುಗಳ ಮರ್ಮವನ್ನು ಬಲ್ಲ ಆಚಾರಿಯ ವಿದ್ಯೆ ನಮ್ಮ ಊರುಗಳಲ್ಲಿ ಉಳಿದುಬಂದಂತೆ, ಪಂದ್ಯದ ದಿನ ಸಮೀಪಿಸುತ್ತಿದೆಯೆಂಬ ಗಡುವು ಅಲ್ಲಿ ಈ ಗ್ಯಾರೇಜಿನ ವಿದ್ಯೆಯನ್ನು ಉಳಿಸುತ್ತಿದೆ. ಗ್ರಂಥಗಳಲ್ಲಿ ಪೂರ್ತಿಯಾಗಿ ಸೇರದ ಆ ವಿದ್ಯೆ ಹಿರಿಯನ ಕೈಯಿಂದ ಕಿರಿಯನ ಕೈಗೆ ದಾಟಬೇಕಾದರೆ, ಆ ಕೈಗಳಿಗೆ ವರ್ಷವರ್ಷವೂ ಕೆಲಸವಿರಬೇಕು. ಗೆದ್ದವರಾರೆಂಬುದನ್ನು ಜನರು ಬೇಗ ಮರೆತರೂ ಪಂದ್ಯದ ಪ್ರಯೋಜನ ಕುಂದದಿರುವುದು ಈ ಕಾರಣದಿಂದ.