ಸಂಜೆ ಮನೆಗೆ ಮರಳುವ ಮಕ್ಕಳು

ಮಕ್ಕಳನ್ನು ಹಗಲು ಹೊತ್ತು ನೋಡಿಕೊಂಡು, ಹೊಟ್ಟೆಗೆ ಹಾಕಿ, ಓದಿಸಿ, ಕತ್ತಲಾಗುವ ಮುನ್ನ ಅವರವರ ಮನೆಗೆ ಕಳುಹಿಸಿಕೊಡುವ ಹಗಲು ಕೇಂದ್ರವು ಕರ್ನಾಟಕದ ಕ್ರೈಸ್ತ ಸೇವಾಕಾರ್ಯದ ಚರಿತ್ರೆಯಲ್ಲಿ ತಡವಾಗಿ ಬಂದ ಏರ್ಪಾಡು. ಅದಕ್ಕೂ ಮೊದಲು ಬಹುಕಾಲ ಮಿಷನ್‌ಗಳ ಮುಂದಿದ್ದುದು ಮುಖ್ಯವಾಗಿ ಎರಡು ದಾರಿಗಳು: ಪಾಠ ಹೇಳಿ ಕಳುಹಿಸುವ ಶಾಲೆ, ಇಲ್ಲವೇ ಮಗುವನ್ನು ಪೂರ್ತಿಯಾಗಿ ತನ್ನ ಸುಪರ್ದಿಗೆ ತೆಗೆದುಕೊಳ್ಳುವ ಅನಾಥಾಲಯ. ಈ ಎರಡರ ನಡುವಿನ ಮೂರನೆಯ ದಾರಿ ತೆರೆದುಕೊಳ್ಳಲು ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿದದ್ದೇಕೆ ಎಂಬುದಕ್ಕೆ ತುಮಕೂರು, ಗುಬ್ಬಿ ಮತ್ತು ಕುಣಿಗಲ್‌ಗಳ ಹಿನ್ನೆಲೆಯಲ್ಲಿ ಉತ್ತರ ಹುಡುಕಬಹುದು.

ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟ್ ಪಂಥದ ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆ ನಿಂತರು. ದೊಡ್ಡ ಪಟ್ಟಣವನ್ನು ಬಿಟ್ಟು ಸಂತೆಯ ಊರನ್ನು ಆರಿಸಿಕೊಂಡ ಈ ನಿರ್ಧಾರದಿಂದಾಗಿ, ಅಂದಿನ ಮಿಷನ್ ವರದಿಗಳಲ್ಲಿ ಗುಬ್ಬಿಯೂ ಅದರ ಬೆನ್ನಿಗೇ ಕುಣಿಗಲ್ಲೂ ಕಾಣಿಸಿಕೊಂಡವು. 1839ರಲ್ಲಿ ಇಲ್ಲಿಗೆ ಬಂದ ಐರ್ಲೆಂಡಿನ ಯುವಕ ವಿಲಿಯಂ ಆರ್ಥರ್, ಕಣ್ಣಿನ ತೊಂದರೆಯಿಂದ ಸುಮಾರು ಎರಡು ವರ್ಷಗಳಲ್ಲೇ ಊರಿಗೆ ಮರಳಬೇಕಾಯಿತಾದರೂ, 1847ರಲ್ಲಿ ಮೈಸೂರು ಸೀಮೆಯ ಮಿಷನ್ ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. ಅವರ ನೆನಪಿನ ಚರ್ಚು ಗುಬ್ಬಿಯಲ್ಲಿ 1904ರಲ್ಲಿ ಎದ್ದು ನಿಂತಿತು. ಈ ಮೊದಲ ಘಟ್ಟದಲ್ಲಿ ಮಕ್ಕಳೊಂದಿಗೆ ಮಿಷನ್ನಿನ ಸಂಬಂಧ ಶಾಲೆಯ ಹೊಸ್ತಿಲಿನವರೆಗೆ ಮಾತ್ರ ಇತ್ತು. ಮಗು ಉಂಡಿದೆಯೇ, ಶಾಲೆ ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ಮನೆಯವರ ವಿಚಾರವಾಗಿತ್ತು.

ಆ ಹೊಸ್ತಿಲನ್ನು ಅಳಿಸಿಹಾಕಿದ್ದು 1876ರಿಂದ 1878ರವರೆಗಿನ ಮಹಾಕ್ಷಾಮ. ಮಳೆ ಕೈಕೊಟ್ಟು, ಕೆರೆಗಳು ಬತ್ತಿ, ರಾಗಿಯ ಹಗೇವುಗಳು ಬರಿದಾದಾಗ ಮೈಸೂರು ಸಂಸ್ಥಾನ ಎಂತಹ ಪೆಟ್ಟು ತಿಂದಿತೆಂಬುದಕ್ಕೆ ಜನಗಣತಿಯೇ ಸಾಕ್ಷಿ: 1871ರಲ್ಲಿ 50.55 ಲಕ್ಷವಿದ್ದ ಜನಸಂಖ್ಯೆ 1881ರ ಹೊತ್ತಿಗೆ 41.86 ಲಕ್ಷಕ್ಕೆ ಇಳಿದಿತ್ತು. ಪರಿಹಾರ ಶಿಬಿರಗಳಲ್ಲಿ ತಂದೆತಾಯಿಯನ್ನು ಕಳೆದುಕೊಂಡು ಉಳಿದ ಮಕ್ಕಳನ್ನು ಯಾರು ಸಾಕಬೇಕೆಂಬ ಪ್ರಶ್ನೆ ಸರ್ಕಾರದ ಮುಂದೆ ನಿಂತಿತು. ಲಂಡನ್ನಿನಲ್ಲಿ ಸಾರ್ವಜನಿಕರಿಂದ ಸಂಗ್ರಹವಾದ ಮ್ಯಾನ್ಷನ್ ಹೌಸ್ ನಿಧಿಯ ಉದ್ದೇಶಗಳಲ್ಲಿ ಅನಾಥ ಮಕ್ಕಳ ಪೋಷಣೆಯೂ ಒಂದಾಗಿತ್ತು. ವಾರಸುದಾರರಿಲ್ಲದ ಮಕ್ಕಳು ಮಿಷನ್‌ಗಳ ಕೈಸೇರಿದರು. ವೆಸ್ಲಿಯನ್ನರು ಹುಡುಗರಿಗೆ ತುಮಕೂರಿನಲ್ಲಿಯೂ ಹುಡುಗಿಯರಿಗೆ ಹಾಸನದಲ್ಲಿಯೂ ಅನಾಥಾಲಯಗಳನ್ನು ತೆರೆದರು. ಅಣ್ಣ ತುಮಕೂರಿಗೆ, ತಂಗಿ ಹಾಸನಕ್ಕೆ ಎಂಬಂತಹ ಹಂಚಿಕೆಗೆ ಈ ವ್ಯವಸ್ಥೆಯಲ್ಲಿಯೇ ಎಡೆಯಿತ್ತು ಎಂಬುದನ್ನು ಇಂದಿನ ಓದುಗ ಗಮನಿಸದಿರಲಾರ. ಆ ಮಕ್ಕಳ ಜೀವ ಉಳಿಯಿತೆಂಬುದರಲ್ಲಿ ಅನುಮಾನವಿಲ್ಲ. ಆದರೆ ಜೀವದ ಜೊತೆಗೆ ಊರು, ಕುಲ, ನೆಂಟಸ್ತಿಕೆ ಮತ್ತು ಹಲವು ಸಂದರ್ಭಗಳಲ್ಲಿ ಹೆಸರೂ ಹೊಸದಾಯಿತು. ಮಿಷನ್ನಿನವರು ಮಕ್ಕಳನ್ನು ಕರೆದೊಯ್ಯುತ್ತಾರೆಂಬ ಅಂಜಿಕೆಗೆ ಈ ಭಾಗದಲ್ಲಿ ಬೇರುಗಳಿದ್ದರೆ, ಅವು ಬಹುಮಟ್ಟಿಗೆ ಈ ಕ್ಷಾಮದ ನೆಲದಲ್ಲಿಯೇ ಇವೆ.

ಕ್ಷಾಮ ಮುಗಿದರೂ ಅದು ಹುಟ್ಟುಹಾಕಿದ ಮಾದರಿ ಮುಗಿಯಲಿಲ್ಲ. ಅನಾಥಾಲಯ ಕ್ರಮೇಣ ಬೋರ್ಡಿಂಗ್ ಹೋಮ್ ಆಯಿತು. ಅಂದರೆ ತಂದೆತಾಯಿ ಇದ್ದೂ ಬಡವರಾದ ಮಕ್ಕಳು ಮಿಷನ್ ಕಾಂಪೌಂಡಿನಲ್ಲಿ ಉಳಿದು, ಬೇಸಿಗೆ ರಜೆಗೆ ಮಾತ್ರ ಊರಿಗೆ ಹೋಗುವ ವಸತಿನಿಲಯವಾಯಿತು. 1947ರ ಸೆಪ್ಟೆಂಬರ್ 27ರಂದು ವೆಸ್ಲಿಯನ್ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಜನ ಸಿಎಸ್ಐ ಎಂದು ಕರೆಯುವ ಒಕ್ಕೂಟದಲ್ಲಿ ವಿಲೀನವಾದಾಗ ಇಂತಹ ನಿಲಯಗಳೂ ಅದರ ಪಾಲಿಗೆ ಬಂದವು. ಉಚಿತ ಅನ್ನ ಮತ್ತು ವಸತಿ ಎಂಬುದು ತುಮಕೂರಿಗೆ ಹೊರಗಿನಿಂದ ಬಂದ ಕಲ್ಪನೆಯೇನೂ ಆಗಿರಲಿಲ್ಲ. ಊರ ಪಕ್ಕದ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳು 1941ರಲ್ಲಿ ಅಧಿಕಾರ ವಹಿಸಿಕೊಂಡ ಮೇಲೆ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಹುಡುಗರು ಅನ್ನದಾಸೋಹದ ಸಾಲಿನಲ್ಲಿ ಕುಳಿತು ಓದಿದವರೇ. ಆ ಅಗಾಧ ಪ್ರಮಾಣದ ಪಕ್ಕದಲ್ಲಿ ಚರ್ಚುಗಳ ನಿಲಯಗಳು ಪುಟ್ಟವಾಗಿ ಕಾಣುವುದು ಸಹಜ.

ಈ ನಿಲಯಗಳಿಗೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಣ ಬಂದ ಬಗೆ ಮುಂದಿನ ಬದಲಾವಣೆಗೆ ಕಾರಣವಾಯಿತು. 1959ರಲ್ಲಿ ಜರ್ಮನಿಯ ಡುಯಿಸ್‌ಬರ್ಗ್‌ನಲ್ಲಿ ಹುಟ್ಟಿದ ಕಿಂಡರ್‌ನೋಟ್‌ಹಿಲ್ಫೆ ಎಂಬ ಸಂಸ್ಥೆ ಭಾರತದ ಬೆರಳೆಣಿಕೆಯ ಮಕ್ಕಳಿಗೆ ನೆರವು ನೀಡುವುದರೊಂದಿಗೆ ಕೆಲಸ ಆರಂಭಿಸಿತು. ಅಮೆರಿಕದ ಕಂಪ್ಯಾಷನ್ ಇಂಟರ್‌ನ್ಯಾಷನಲ್ 1968ರಲ್ಲಿ ಭಾರತಕ್ಕೆ ಬಂತು. ಇವರದು ಪ್ರಾಯೋಜಕತ್ವದ ಪದ್ಧತಿ: ದೂರದೇಶದ ಒಂದು ಕುಟುಂಬ ಇಲ್ಲಿಯ ಒಂದು ಮಗುವಿನ ಹೆಸರಿನಲ್ಲಿ ತಿಂಗಳಿಗಿಷ್ಟು ಹಣ ಕಳುಹಿಸುತ್ತದೆ, ಪ್ರತಿಯಾಗಿ ಮಗುವಿನ ಭಾವಚಿತ್ರ, ಪ್ರಗತಿ ವರದಿ ಮತ್ತು ಪತ್ರ ಅಲ್ಲಿಗೆ ಹೋಗುತ್ತವೆ. ಮಗುವನ್ನು ಹಾಸಿಗೆ, ಅಡುಗೆಮನೆ, ಕಾವಲುಗಾರರ ಸಮೇತ ಸಾಕುವುದಕ್ಕಿಂತ ಅದರ ಮನೆಯಲ್ಲೇ ಇರಿಸಿ ಹಗಲಿನಲ್ಲಿ ನೋಡಿಕೊಂಡರೆ ಅದೇ ಹಣದಲ್ಲಿ ಹೆಚ್ಚು ಮಕ್ಕಳನ್ನು ತಲುಪಬಹುದೆಂಬ ಲೆಕ್ಕ ಎಂತಹವರಿಗೂ ಹೊಳೆಯುವಂಥದ್ದು. ಕರುಣೆಯಷ್ಟೇ ಈ ಲೆಕ್ಕಾಚಾರವೂ ಹಗಲು ಕೇಂದ್ರದ ಹುಟ್ಟಿಗೆ ಕಾರಣವೆಂದರೆ ತಪ್ಪಾಗದು.

ಅದೇ ಕಾಲಕ್ಕೆ ಹೊರಗಿನ ಗಾಳಿಯೂ ಬದಲಾಗುತ್ತಿತ್ತು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಟಿ. ನರಸೀಪುರದ ಮೂಲಕ ಕರ್ನಾಟಕಕ್ಕೆ ಕಾಲಿಟ್ಟು, ಅಂಗನವಾಡಿಯೆಂಬ ಹಗಲು ಹೊತ್ತಿನ ಪಾಲನೆಯನ್ನು ಊರೂರಿಗೆ ಪರಿಚಯಿಸಿತು. 1980ರಲ್ಲಿ ಸಲೇಶಿಯನ್ ಪಾದ್ರಿಗಳ ಪರಂಪರೆಯಿಂದ ಹೊರಟ ಬಾಸ್ಕೊ, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ, ಬೀದಿ ಮಕ್ಕಳು ನಿಲಯಕ್ಕೆ ಬರಲೆಂದು ಕಾಯದೆ ಕಾರ್ಯಕರ್ತರೇ ಅವರಿದ್ದ ಬಸ್ ನಿಲ್ದಾಣ, ಮಾರುಕಟ್ಟೆಗಳಿಗೆ ಹೋಗುವ ರೂಢಿಯನ್ನು ತಂದಿತು. ಕೊನೆಗೆ ಕಾನೂನೂ ಅದೇ ದಿಕ್ಕಿಗೆ ತಿರುಗಿತು. 2015ರ ಬಾಲನ್ಯಾಯ ಕಾಯ್ದೆಯು ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳು’ ಯಾರೆಂದು ವಿವರಿಸುವುದರ ಜೊತೆಗೆ, ಮಗುವನ್ನು ಸಂಸ್ಥೆಗೆ ಸೇರಿಸುವುದು ಬೇರೆ ದಾರಿಯೇ ಇಲ್ಲದಾಗ ಹಿಡಿಯುವ ಕಡೆಯ ಉಪಾಯವಾಗಿರಬೇಕೆಂದು ಸಾರಿತು. ನೋಂದಣಿಯಿಲ್ಲದೆ ಮಕ್ಕಳ ಪಾಲನಾ ಸಂಸ್ಥೆ ನಡೆಸುವವರಿಗೆ ಒಂದು ವರ್ಷದವರೆಗಿನ ಸೆರೆವಾಸ ಇಲ್ಲವೇ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಿತು. 1878ರಲ್ಲಿ ಮೊದಲ ಉಪಾಯವಾಗಿದ್ದುದು ಹೀಗೆ ಕೊನೆಯದಾಯಿತು.

ತುಮಕೂರಿನಂತಹ ಊರಿನಲ್ಲಿ ಹಗಲು ಕೇಂದ್ರಕ್ಕೆ ಬರುವ ಮಕ್ಕಳು ಸಾಮಾನ್ಯವಾಗಿ ಅನಾಥರಲ್ಲ. ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ, ಮನೆಗೆಲಸಕ್ಕೆ ಹೋಗುವ ತಾಯಂದಿರ ಮಕ್ಕಳು ಅವರು. ಗುಬ್ಬಿಯಲ್ಲಾದರೆ ಅಡಿಕೆ, ತೆಂಗಿನ ತೋಟಗಳ ಕೂಲಿಯವರ ಮಕ್ಕಳು, ಕುಣಿಗಲ್ಲಿನಲ್ಲಾದರೆ ಬೆಂಗಳೂರಿನ ಕೆಲಸಕ್ಕೆ ನಸುಕಿನಲ್ಲೇ ಬಸ್ಸು ಹಿಡಿಯುವವರ ಮಕ್ಕಳು. ಅಪಾಯವೆಂಬುದು ಇಲ್ಲಿ ಬಹುತೇಕ ಗಡಿಯಾರದ ಸಂಗತಿ: ಶಾಲೆ ಬಿಡುವ ಹೊತ್ತಿಗೂ ತಾಯಿ ಮನೆ ಸೇರುವ ಹೊತ್ತಿಗೂ ನಡುವಿನ ಮೂರು ನಾಲ್ಕು ಗಂಟೆಗಳಲ್ಲಿಯೇ ಮಗು ಬೀಡಿಯ ಮೊರದ ಮುಂದೆ ಕೂರುತ್ತದೆ, ಕುಡಿದು ಬಂದ ತಂದೆಯ ಕೈಗೆ ಸಿಗುತ್ತದೆ, ಇಲ್ಲವೇ ಬೀದಿಗೆ ಬೀಳುತ್ತದೆ. ಬೀಡಿ ಕಟ್ಟುವುದನ್ನು 1986ರ ಬಾಲಕಾರ್ಮಿಕ ಕಾಯ್ದೆ ಮಕ್ಕಳಿಗೆ ನಿಷೇಧಿಸಿದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿತ್ತಾದರೂ, ಮನೆಯವರೊಡನೆ ಮಾಡುವ ಕೆಲಸಕ್ಕೆ ಆ ಕಾಯ್ದೆಯಲ್ಲಿ ವಿನಾಯಿತಿಯಿತ್ತು.

ಕೇಂದ್ರದ ಕೆಲಸ ಈ ಗಂಟೆಗಳನ್ನು ತುಂಬುವುದು. ಚರ್ಚಿನ ಪಕ್ಕದ ಹಜಾರವೇ ಸಾಮಾನ್ಯವಾಗಿ ಅದರ ಜಾಗ. ಬಾಗಿಲ ಹೊರಗೆ ಚಪ್ಪಲಿ, ಒಳಗೆ ಹಾಜರಿ ಪುಸ್ತಕ, ಕೈತೊಳೆದ ಮೇಲೆ ತಟ್ಟೆಗೆ ಉಪ್ಪಿಟ್ಟೋ ಹುರುಳಿಕಾಳಿನ ಉಸಲಿಯೋ, ಆಮೇಲೆ ಮನೆಪಾಠ. ಐದು ವರ್ಷದೊಳಗಿನ ಮಕ್ಕಳಾದರೆ ಮೂರು ಬಣ್ಣದ ಪಟ್ಟಿಯೊಂದನ್ನು ಅವರ ಎಡ ರಟ್ಟೆಯ ನಡುಭಾಗಕ್ಕೆ ಸುತ್ತುತ್ತಾರೆ: ಸುತ್ತಳತೆ 12.5 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಹಸಿರು, ಅದಕ್ಕೆ ಕಡಿಮೆಯಾದರೆ ಹಳದಿ, 11.5ಕ್ಕಿಂತ ಕೆಳಗಿಳಿದರೆ ಕೆಂಪು. ಕೆಂಪು ಬಂದರೆ ಉಪ್ಪಿಟ್ಟಿನಿಂದ ನಡೆಯುವುದಿಲ್ಲ, ಆಸ್ಪತ್ರೆಗೇ ಹೋಗಬೇಕು. ಮೈಮೇಲೆ ಬಾಸುಂಡೆ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರಂತೂ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ದೂರು ಕೊಡಲೇಬೇಕು, ಮುಚ್ಚಿಡುವುದೇ ಅಪರಾಧ. ದೂರು ಕೊಟ್ಟ ಮರುದಿನವೂ ಅದೇ ಓಣಿಯಲ್ಲಿ ಅದೇ ಮನೆಯವರ ಮುಖ ನೋಡಿಕೊಂಡು ಕೇಂದ್ರ ನಡೆಸಬೇಕಾದ ಕಷ್ಟ ಅನಾಥಾಲಯದ ವಾರ್ಡನ್ನಿಗೆ ಇರಲಿಲ್ಲ.

ಮತದ ಪ್ರಶ್ನೆಯನ್ನು ಬದಿಗಿಟ್ಟು ಈ ಕೇಂದ್ರಗಳ ಕುರಿತು ಬರೆಯುವುದು ಅಪ್ರಾಮಾಣಿಕವಾದೀತು. ತಿಂಡಿಗೆ ಮೊದಲು ಪ್ರಾರ್ಥನೆ, ಡಿಸೆಂಬರಿನಲ್ಲಿ ಕ್ರಿಸ್‌ಮಸ್ ನಾಟಕ ಇಂತಹ ಕಡೆ ರೂಢಿ. ಬರುವ ಮಕ್ಕಳೋ ಎಲ್ಲ ಮತದವರು. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲವೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಹಗಲು ಕೇಂದ್ರ ಅದರ ವ್ಯಾಪ್ತಿಗೆ ನೇರವಾಗಿ ಬರದಿದ್ದರೂ ಆ ಒಪ್ಪಿಗೆಯನ್ನು ಬರೆಸಿಕೊಳ್ಳುವುದೇ ವಿವೇಕ. ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆಯು ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವನ್ನೂ ‘ಆಮಿಷ’ದ ವ್ಯಾಖ್ಯೆಯೊಳಗೆ ತಂದಿತ್ತು, ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಸಂಜೆ ಮನೆಗೆ ಹೋಗಿ ನಡೆದದ್ದನ್ನೆಲ್ಲ ಒದರುವ ಮಗುವಿಗಿಂತ ದೊಡ್ಡ ತಪಾಸಣಾಧಿಕಾರಿ ಇಲ್ಲವೆಂಬುದು ಮಾತ್ರ ಈ ಚರ್ಚೆಯಲ್ಲಿ ಯಾರ ಗಮನಕ್ಕೂ ಬಂದಂತಿಲ್ಲ.

ಕೇಂದ್ರಗಳನ್ನು ಹೆಚ್ಚು ಅಲುಗಿಸಿದ್ದು ವಿದೇಶಿ ದೇಣಿಗೆಯ ನಿಯಮ. 2016ರಲ್ಲಿ ಕೇಂದ್ರ ಸರ್ಕಾರವು ಕಂಪ್ಯಾಷನ್ ಸಂಸ್ಥೆಯನ್ನು ಪೂರ್ವಾನುಮತಿ ಪಟ್ಟಿಗೆ, ಅಂದರೆ ಹಣ ಕಳುಹಿಸುವ ಮುನ್ನ ಪ್ರತಿ ಬಾರಿಯೂ ಗೃಹ ಸಚಿವಾಲಯದ ಒಪ್ಪಿಗೆ ಬೇಕಾಗುವ ಪಟ್ಟಿಗೆ ಸೇರಿಸಿತು. 2017ರ ಮಾರ್ಚ್‌ನಲ್ಲಿ ಆ ಸಂಸ್ಥೆ ದೇಶದ 589 ಕೇಂದ್ರಗಳ ಸುಮಾರು 1.45 ಲಕ್ಷ ಮಕ್ಕಳನ್ನು ಬಿಟ್ಟು ಹೊರನಡೆಯಿತು. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯು ಆ ಹಣವನ್ನೆಲ್ಲ ಮೊದಲು ಹೊಸದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲೇ ಪಡೆಯಬೇಕೆಂದಿತು, ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು, ಒಂದು ಸಂಸ್ಥೆ ತಾನು ಪಡೆದುದನ್ನು ಇನ್ನೊಂದಕ್ಕೆ ಹಂಚುವುದನ್ನು ನಿಷೇಧಿಸಿತು. ಚಿಕ್ಕ ಊರುಗಳ ಮಟ್ಟಿಗೆ ನಿಜವಾದ ಪೆಟ್ಟು ಈ ಕೊನೆಯದು. ಮಹಾನಗರದ ದೊಡ್ಡ ಸಂಸ್ಥೆಯೊಂದು ಹಣ ತರಿಸಿಕೊಂಡು ತಾಲ್ಲೂಕು ಕೇಂದ್ರದ ಸಭೆಗೆ ಪಾಲು ಕಳುಹಿಸುವ ಹಾದಿ ಅಲ್ಲಿಗೆ ಮುಚ್ಚಿತು.

ಉಳಿದಿರುವುದು ಊರ ಹಣ. ಸಿಎಸ್ಐ ಸಭೆಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಸುಗ್ಗಿ ಹಬ್ಬದಲ್ಲಿ ಸಭಿಕರು ತಂದೊಪ್ಪಿಸಿದ ಬಾಳೆಗೊನೆ, ತೆಂಗಿನಕಾಯಿ, ರಾಗಿ, ಕೋಳಿಗಳನ್ನು ಹರಾಜು ಹಾಕುತ್ತಾರೆ. ಕೊಂಡವರೇ ಅದನ್ನು ಮತ್ತೆ ಸಭೆಗೆ ಒಪ್ಪಿಸಿ, ಒಂದೇ ಕಾಯಿ ಎರಡು ಮೂರು ಬಾರಿ ಹರಾಜಾಗುವುದೂ ಉಂಟು. ಮಧ್ಯಾಹ್ನದ ಬಿಸಿಯೂಟ ಸರ್ಕಾರಿ ಶಾಲೆಯಲ್ಲಿಯೇ ಸಿಗುವುದರಿಂದ ಇಂತಹ ಹಣದಲ್ಲಿ ಸಂಜೆಯ ತಿಂಡಿ, ನೋಟ್‌ಪುಸ್ತಕಗಳ ಖರ್ಚನ್ನು ಹೇಗೋ ತೂಗಿಸಬಹುದು. ತೂಗಿಸಲಾಗದ್ದು ಶಿಕ್ಷಕಿಯರ ಸಂಬಳ. ವಿದೇಶಿ ಹಣದ ಕಾಲದಲ್ಲಿ ಆ ಸಂಬಳಕ್ಕೆ ತರಬೇತಿ ಪಡೆದ ಕಾರ್ಯಕರ್ತೆಯರು ಸಿಗುತ್ತಿದ್ದರು. ಈಗ ಅದೇ ಕೆಲಸ ಪಿಯುಸಿ ಮುಗಿಸಿ ಮದುವೆಗೋ ಗಾರ್ಮೆಂಟ್ಸ್ ಕೆಲಸಕ್ಕೋ ಕಾದಿರುವ ಸಭೆಯ ಹುಡುಗಿಯರ ಪಾಲಿಗೆ ಬೀಳುತ್ತದೆ, ಮತ್ತು ರಟ್ಟೆಯ ಪಟ್ಟಿ ಸುತ್ತುವುದನ್ನು ಅವರಿಗೆ ಪ್ರತಿ ವರ್ಷವೂ ಹೊಸದಾಗಿ ಕಲಿಸಬೇಕಾಗುತ್ತದೆ.