ಅತಿಥಿಯ ಒಂದು ರಾತ್ರಿಯ ಲೆಕ್ಕ

ಸ್ಪೇನ್ ದೇಶಕ್ಕೆ ಸೇರಿದ ಮಯೋರ್ಕಾ ದ್ವೀಪದಲ್ಲಿ ಬೇಸಗೆಯ ಮಳೆ ಬಹು ವಿರಳ. ಪ್ರವಾಸಿಗಳು ಅಲ್ಲಿಗೆ ತಂಡೋಪತಂಡವಾಗಿ ಬರುವುದೂ ಅದೇ ಕಾಲದಲ್ಲಿಯೇ. ಹೋಟೆಲಿನ ಸ್ನಾನಗೃಹ, ಈಜುಕೊಳ, ರೈತನ ಹೊಲ ಇವೆಲ್ಲಕ್ಕೂ ನೆಲದಡಿಯ ನೀರೇ ಮುಖ್ಯ ಆಧಾರ. ಕರಾವಳಿಯ ಬಾವಿಗಳಿಂದ ಮಿತಿಮೀರಿ ನೀರೆತ್ತಿದರೆ ಸಿಹಿನೀರಿನ ಒತ್ತಡ ಕುಗ್ಗುವುದು. ಆ ಸ್ಥಳಕ್ಕೆ ಸಮುದ್ರದ ಉಪ್ಪುನೀರು ನುಸುಳುವುದು. ಹಾಗೆ ಕೆಟ್ಟ ಬಾವಿ ಮತ್ತೆ ಸಿಹಿಯಾಗಲು ಅನೇಕ ವರ್ಷಗಳೇ ಬೇಕು. ಪ್ರವಾಸಿಯನ್ನೇ ನಂಬಿ ಬದುಕುವ ಉದ್ಯಮವು ಅವನಿಗೆ ನೀರಿಲ್ಲದಂತೆ ಮಾಡಿಕೊಳ್ಳುವ ಈ ವಿಪರ್ಯಾಸವನ್ನು ತಪ್ಪಿಸುವ ಬಗೆ ಎಂತು?

ಇದಕ್ಕೆ ನೆರವಾಗುವ ಒಂದು ಏರ್ಪಾಡು ಯೂರೋಪಿನಲ್ಲಿದೆ. ‘ಇಮಾಸ್’ ಎಂಬ ಈ ಪರಿಸರ ನಿರ್ವಹಣೆ ಮತ್ತು ತಪಾಸಣೆಯ ಯೋಜನೆಯ ನಿಯಮಗಳು 1993ರಲ್ಲಿ ರಚಿತವಾದುವು. ಮೊದಲು ಕೈಗಾರಿಕೆಗಳಿಗೆ ಮೀಸಲಾಗಿದ್ದ ಇದು 2001ರಲ್ಲಿ ಎಲ್ಲ ಬಗೆಯ ಸಂಸ್ಥೆಗಳಿಗೂ ತೆರೆಯಿತು. ಇದಕ್ಕೆ ಸೇರುವ ಹೋಟೆಲು ತಾನು ಬಳಸಿದ ನೀರು, ಇಂಧನ, ಬಿಸುಟ ಕಸ ಇವುಗಳನ್ನು ಅಳೆಯಬೇಕು. ಇಳಿಸುವ ಗುರಿಯನ್ನು ಗೊತ್ತುಮಾಡಬೇಕು. ಹೊರಗಿನ ತನಿಖೆಗಾರನು ಪರೀಕ್ಷಿಸಿದ ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸಬೇಕು.

ಬರಿಯ ಲೆಕ್ಕವಿಡುವುದರಿಂದ ನೀರು ಉಳಿಯುವುದೆ? ಒಂದು ನಿದರ್ಶನವನ್ನು ನೋಡೋಣ. ಬೆಳಗಿನ ಜಾವ ಮೂರು ಗಂಟೆಗೆ ಅತಿಥಿಗಳೆಲ್ಲ ನಿದ್ರಿಸುತ್ತಿರುವಾಗ ನೀರಿನ ಮೀಟರು ತಿರುಗುತ್ತಲೇ ಇದ್ದರೆ ಎಲ್ಲಿಯೋ ಕೊಳವೆ ಸೋರುತ್ತಿದೆಯೆಂದೇ ಅರ್ಥ. ಹಗಲಿನ ಗದ್ದಲದಲ್ಲಿ ಈ ಸೋರಿಕೆ ಯಾರ ಕಣ್ಣಿಗೂ ಬೀಳದು.

ಇನ್ನು ಷವರಿನ ವಿಷಯ. ನಿಮಿಷಕ್ಕೆ 14 ಲೀಟರು ಸುರಿಸುವ ಷವರನ್ನು ತೆಗೆದು, 7 ಲೀಟರು ಸುರಿಸುವುದನ್ನು ಜೋಡಿಸಿದೆವೆನ್ನೋಣ. ಏಳು ನಿಮಿಷಗಳ ಸ್ನಾನದಲ್ಲಿ 49 ಲೀಟರು ಉಳಿಯಿತು. ಆದರೆ ಉಳಿದದ್ದು ನೀರಷ್ಟೇ ಅಲ್ಲ. ಆ ನೀರನ್ನು 15 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು 1,225 ಕಿಲೋಕ್ಯಾಲೊರಿ, ಎಂದರೆ ಸುಮಾರು 1.4 ಕಿಲೋವ್ಯಾಟ್-ಗಂಟೆಯಷ್ಟು ಶಕ್ತಿ ಬೇಕಾಗಿತ್ತು. ದಿನಕ್ಕೆ 200 ಮಂದಿ ಸ್ನಾನಮಾಡುವ ಹೋಟೆಲಿನಲ್ಲಿ ಇದು 280 ಕಿಲೋವ್ಯಾಟ್-ಗಂಟೆಯನ್ನು ಮೀರುವುದು! ಮಾಲೀಕನು ಪರಿಸರಪ್ರೇಮಿಯೇ ಆಗಿರಬೇಕಾಗಿಲ್ಲ, ಜಿಪುಣನಾಗಿದ್ದರೂ ಸಾಕು.

ಅತಿಥಿಗಳೂ ಸಹಕರಿಸಬೇಕಷ್ಟೆ. ಅಮೆರಿಕದ ಮನಶ್ಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸ್ವಾರಸ್ಯವಾಗಿದೆ. ‘ಪರಿಸರವನ್ನು ಉಳಿಸಿರಿ’ ಎಂಬ ಫಲಕವನ್ನು ಕಂಡವರಲ್ಲಿ ನೂರಕ್ಕೆ ಸುಮಾರು 35 ಮಂದಿ ಟವೆಲನ್ನು ಒಗೆಯಲು ಹಾಕದೆ ಮತ್ತೆ ಬಳಸಿದರು. ‘ಇಲ್ಲಿನ ಅತಿಥಿಗಳಲ್ಲಿ ಬಹುಪಾಲು ಮಂದಿ ಹೀಗೆ ಮಾಡುತ್ತಾರೆ’ ಎಂದು ತಿಳಿಸಿದಾಗ 44 ಮಂದಿ!

ಪ್ರವಾಸೋದ್ಯಮಕ್ಕೆಂದೇ ಯೂರೋಪಿಯನ್ ಆಯೋಗವು 2016ರಲ್ಲಿ ಮಾದರಿಯ ಮಟ್ಟಗಳನ್ನು ಪ್ರಕಟಿಸಿತು. ಪೂರ್ಣ ಸೇವೆಯ ಹೋಟೆಲಿನಲ್ಲಿ ಒಬ್ಬ ಅತಿಥಿಯ ಒಂದು ರಾತ್ರಿಗೆ 140 ಲೀಟರು ನೀರು; ಹದಿನೈದು ಲೀಟರು ಹಿಡಿಯುವ ಬಕೆಟ್ಟಿನಲ್ಲಿ ಒಂಬತ್ತಕ್ಕಿಂತ ತುಸು ಹೆಚ್ಚು. ಈ ಮಟ್ಟ ಕಡ್ಡಾಯವಲ್ಲ; ಹೋಲಿಕೆಗೆ ಮಾತ್ರ.

ಇಲ್ಲಿ ನಾವು ಸ್ವಲ್ಪ ಎಚ್ಚರಿಕೆಯಿಂದಿರಬೇಕು. ವರ್ಷಕ್ಕೆ ಒಂದು ಲಕ್ಷ ಅತಿಥಿ-ರಾತ್ರಿಗಳಿಗೆ ತಲಾ 140 ಲೀಟರಿನಂತೆ ಬಳಸುತ್ತಿದ್ದ ಹೋಟೆಲು ಅದನ್ನು 100ಕ್ಕೆ ಇಳಿಸಿತೆನ್ನಿ. ಅದು ಪ್ರಶಂಸನೀಯವೇ ಸರಿ. ಆದರೆ ಹೊಸ ಕೋಣೆಗಳನ್ನು ಕಟ್ಟಿ 1,60,000 ಅತಿಥಿ-ರಾತ್ರಿಗಳನ್ನು ಗಳಿಸಿದರೆ ಒಟ್ಟು ಬಳಕೆ 140 ಲಕ್ಷ ಲೀಟರಿನಿಂದ 160 ಲಕ್ಷ ಲೀಟರಿಗೆ ಏರಿತು. ಬಾವಿಯಿಂದ ಹೊರಡುವುದು ಈ ಒಟ್ಟು ಮೊತ್ತ, ಸರಾಸರಿಯಲ್ಲ.

ಇಮಾಸ್ ನಿಯಮವನ್ನು ರಚಿಸಿದವರು ಇದನ್ನು ಮರೆತಿಲ್ಲ. ಪ್ರತಿ ವರದಿಯಲ್ಲಿಯೂ ಮೂರು ಸಂಖ್ಯೆಗಳಿರಬೇಕು: ವರ್ಷದ ಒಟ್ಟು ಬಳಕೆ ‘ಎ’, ಅತಿಥಿ-ರಾತ್ರಿಗಳಂತಹ ಆಧಾರಸಂಖ್ಯೆ ‘ಬಿ’, ಎ-ಯನ್ನು ಬಿ-ಯಿಂದ ಭಾಗಿಸಿ ಬಂದ ‘ಆರ್’. ಜಾಹೀರಾತಿನಲ್ಲಿ ಮೆರೆಯುವುದು ಸಾಮಾನ್ಯವಾಗಿ ಆರ್. ವರದಿಯನ್ನು ಕೈಗೆತ್ತಿಕೊಂಡವರು ಮೊದಲು ನೋಡಬೇಕಾದದ್ದು ಎ. ದ್ವೀಪದ ಹೋಟೆಲುಗಳೆಲ್ಲದರ ಎ-ಗಳನ್ನು ಕೂಡಿ ಅಲ್ಲಿ ನೆಲಕ್ಕೆ ಇಂಗುವ ಮಳೆಯೊಡನೆ ಹೋಲಿಸುವ ಕಾರ್ಯ ಯಾವ ಹೋಟೆಲಿನ ಲೆಕ್ಕಪುಸ್ತಕಕ್ಕೂ ಸೇರಿದುದಲ್ಲ; ಅದು ದ್ವೀಪದ ಆಡಳಿತಕ್ಕೆ ಸೇರಿದುದು.